ಟೆಕ್ಸಾಸ್‌ನಲ್ಲಿ ನೆರೆ ಬಂದರೆ ಯಾರು ಬರುತ್ತಾರೆ: ಕೌಂಟಿಯೋ, ಫೀಮಾನೋ?

ಪ್ರಶ್ನೆ: ನನ್ನ ಮಗಳು, ಅಳಿಯ ಅಮೆರಿಕದ ಟೆಕ್ಸಾಸ್‌ನಲ್ಲಿ, ಹ್ಯೂಸ್ಟನ್ ಪಕ್ಕದ ಕೇಟಿ ಅನ್ನೋ ಊರಿನ ಹತ್ತಿರ ಮನೆ ತಗೊಂಡಿದ್ದಾರೆ. ಇಬ್ಬರದೂ ಎಚ್-1ಬಿ ವೀಸಾ. ಮೊಮ್ಮಗಳು ಅಲ್ಲೇ ಹುಟ್ಟಿದವಳು, ಈಗ ನಾಲ್ಕು ವರ್ಷ. 2025ರ ಜುಲೈನಲ್ಲಿ ಟೆಕ್ಸಾಸ್‌ನಲ್ಲಿ ನೆರೆ ಬಂದು ಅಷ್ಟೊಂದು ಮಕ್ಕಳು ಹೋದ ಸುದ್ದಿ ನೋಡಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಅಷ್ಟು ದೊಡ್ಡ ದೇಶ. ಸೇನೆ ಇದೆ, ಹೆಲಿಕಾಪ್ಟರ್ ಇವೆ. ಆದರೂ ಅಲ್ಲಿನ ಕೇಂದ್ರ ಸರ್ಕಾರ ಕೂಡಲೇ ಯಾಕೆ ಬರೋದಿಲ್ಲ? ಫೀಮಾ ಅನ್ನೋ ಸಂಸ್ಥೆಯನ್ನೇ ಮುಚ್ಚುತ್ತಾರಂತೆ, ನಿಜವಾ? ಹಾಗಾದರೆ ನಮ್ಮ ಮಕ್ಕಳಿಗೆ ದಿಕ್ಕು ಯಾರು?

ಉತ್ತರ: ಅಮ್ಮಾ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ರಾತ್ರಿ ಎರಡು ಗಂಟೆಗೆ ಮನೆಯೊಳಗೆ ನೀರು ನುಗ್ಗಿದರೆ ನಿಮ್ಮ ಮಗಳ ಬಾಗಿಲು ತಟ್ಟುವವರು ಅಲ್ಲಿನ ಅಗ್ನಿಶಾಮಕ ದಳದವರು, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಪೊಲೀಸ್ ಮುಖ್ಯಸ್ಥ ಶೆರಿಫ್ ಕಡೆಯವರು, ಇಲ್ಲವೇ ದೋಣಿ ಇಟ್ಟುಕೊಂಡಿರುವ ಪಕ್ಕದ ಬೀದಿಯ ಯಾರೋ ಒಬ್ಬರು. ಆ ಹೊತ್ತಿಗೆ ಫೀಮಾ ಬರೋದಿಲ್ಲ. ಬರುವ ಹಾಗೆ ಅದನ್ನು ಕಟ್ಟಿಯೇ ಇಲ್ಲ.

ನಾನು ಟೆಕ್ಸಾಸ್‌ನ ಒಂದು ಕೌಂಟಿಯ ತುರ್ತು ನಿರ್ವಹಣಾ ಕಚೇರಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಈ ಮಾತು ಹೇಳಿದಾಗೆಲ್ಲ ಜನ ನಂಬದೆ ಮುಖ ನೋಡುತ್ತಿದ್ದರು. ಫೀಮಾ ಅಂದರೆ ಫೆಡರಲ್ ಸರ್ಕಾರದ, ಅಂದರೆ ಅಲ್ಲಿನ ಕೇಂದ್ರ ಸರ್ಕಾರದ, ತುರ್ತು ನಿರ್ವಹಣಾ ಸಂಸ್ಥೆ. ಅದರ ಹತ್ತಿರ ಫೈರ್ ಎಂಜಿನ್ ಇಲ್ಲ, ಪೊಲೀಸರಿಲ್ಲ, ಆಂಬುಲೆನ್ಸ್ ಇಲ್ಲ. ಊರು ಖಾಲಿ ಮಾಡಿ ಅಂತ ಆದೇಶ ಕೊಡುವ ಅಧಿಕಾರವೂ ಇಲ್ಲ. ಅವಶೇಷಗಳಡಿ ಸಿಕ್ಕವರನ್ನು ಹುಡುಕಲು ದೇಶದಾದ್ಯಂತ 28 ತಂಡಗಳನ್ನು ಅದು ಸಜ್ಜಾಗಿ ಇಟ್ಟಿದೆ, ನಿಜ. ಆದರೆ ಆ ತಂಡಗಳಲ್ಲಿ ಇರುವವರು ಹೆಚ್ಚಿನಂಶ ಯಾವುದೋ ಊರಿನ ಅಗ್ನಿಶಾಮಕ ದಳದವರೇ. ಕರೆ ಬಂದಾಗ ತಮ್ಮ ಊರಿನ ಕೆಲಸ ಬಿಟ್ಟು ಹೊರಡುತ್ತಾರೆ.

ಹಾಗಾದರೆ ಫೀಮಾ ಮಾಡೋದೇನು? ಹಣ ಕೊಡುತ್ತದೆ. ಭಾರೀ ಸಾಮಾನು ಸಾಗಿಸುತ್ತದೆ: ಜನರೇಟರ್, ನೀರಿನ ಬಾಟಲಿ, ತಾತ್ಕಾಲಿಕ ಮನೆ. ಬೇರೆ ಫೆಡರಲ್ ಇಲಾಖೆಗಳಿಗೆ ಕೆಲಸ ಹಂಚುತ್ತದೆ. ಇವೆಲ್ಲ ಶುರುವಾಗಬೇಕಾದರೆ ಕೆಳಗಿನಿಂದ ಕೇಳಿಕೆ ಹೋಗಬೇಕು. ಮೊದಲು ಊರು ಮತ್ತು ಕೌಂಟಿ ತಮ್ಮ ಕೈಲಾದದ್ದು ಮಾಡುತ್ತವೆ. ಅಕ್ಕಪಕ್ಕದ ಕೌಂಟಿಗಳು ಕೈ ಜೋಡಿಸುತ್ತವೆ. ಅದೂ ಸಾಲದಿದ್ದರೆ ರಾಜ್ಯ. ರಾಜ್ಯಕ್ಕೂ ಮೀರಿತು ಅನ್ನಿಸಿದಾಗ ಗವರ್ನರ್ ಅಧ್ಯಕ್ಷರಿಗೆ ಬರೆಯುತ್ತಾರೆ. ಅಂದಹಾಗೆ, ಅಲ್ಲಿನ ಗವರ್ನರ್ ಅಂದರೆ ರಾಜ್ಯಪಾಲ ಅಂದುಕೊಳ್ಳಬೇಡಿ. ಅವರು ಜನರಿಂದ ಆರಿಸಿಬಂದ, ಮುಖ್ಯಮಂತ್ರಿಯಂಥ ಆಡಳಿತಗಾರರು. ಅಧ್ಯಕ್ಷರು ವಿಪತ್ತು ಘೋಷಣೆಗೆ ಸಹಿ ಹಾಕಿದ ಮೇಲೆ ಫೀಮಾದ ಹಣದ ಚೀಲ ಬಿಚ್ಚಿಕೊಳ್ಳುತ್ತದೆ. ಇದಕ್ಕೆಲ್ಲ ಆಧಾರ 1988ರ ಸ್ಟಾಫರ್ಡ್ ಕಾಯ್ದೆ. ರಸ್ತೆ, ಸೇತುವೆ, ಶಾಲೆ ಸರಿಪಡಿಸುವ ಖರ್ಚಿನಲ್ಲಿ ಕನಿಷ್ಠ ಶೇಕಡಾ 75 ಪಾಲನ್ನು ಫೆಡರಲ್ ಸರ್ಕಾರ ಕೊಡುತ್ತದೆ. ಉಳಿದ 25 ಪಾಲು ರಾಜ್ಯ ಮತ್ತು ಸ್ಥಳೀಯರದು. ಅನಾಹುತ ತೀರಾ ದೊಡ್ಡದಾದರೆ ಫೆಡರಲ್ ಪಾಲು 90ಕ್ಕೋ 100ಕ್ಕೋ ಏರುವುದೂ ಉಂಟು.

ಎಷ್ಟು ಹಾನಿಯಾದರೆ "ಮೀರಿತು" ಅಂತ ಲೆಕ್ಕ? ಸಾರ್ವಜನಿಕ ಆಸ್ತಿಯ ವಿಷಯದಲ್ಲಿ ಫೀಮಾ ಒಂದು ಅಂದಾಜು ಇಟ್ಟುಕೊಂಡಿದೆ. ರಾಜ್ಯದ ಜನಸಂಖ್ಯೆಯಲ್ಲಿ ತಲೆಗೆ 2 ಡಾಲರ್‌ಗೆ ತುಸು ಕಡಿಮೆ. ಟೆಕ್ಸಾಸ್‌ನಂಥ ದೊಡ್ಡ ರಾಜ್ಯದಲ್ಲಿ ಅದು 5 ಕೋಟಿ ಡಾಲರ್ ದಾಟುತ್ತದೆ. ಅಂದರೆ ಒಂದೇ ಒಂದು ಸಣ್ಣ ಊರು ಪೂರ್ತಿ ಕೊಚ್ಚಿಹೋದರೂ ಲೆಕ್ಕ ತುಂಬದೇ ಇರಬಹುದು. ಈ ನಿಯಮ ನನಗೆ ಯಾವತ್ತೂ ಸರಿ ಅನ್ನಿಸಿಲ್ಲ. ಮನೆ ಕಳೆದುಕೊಂಡವರಿಗೆ ತಮ್ಮ ರಾಜ್ಯ ದೊಡ್ಡದು ಅನ್ನೋದರಿಂದ ಏನು ಸಮಾಧಾನ?

ಮನೆಗಳ ಲೆಕ್ಕ ಬೇರೆ ಥರ. ಅದನ್ನು ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಆ ಕೆಲಸ ನಾನೇ ಮಾಡಿದ್ದೇನೆ. ನೀರು ಇಳಿದ ಮಾರನೇ ದಿನ ನಾಲ್ಕು ಜನ ಒಂದು ಕಾರಿನಲ್ಲಿ ಹೊರಡುತ್ತಿದ್ದೆವು. ಒಬ್ಬರು ಕೌಂಟಿಯವರು, ಒಬ್ಬರು ರಾಜ್ಯದವರು, ಇಬ್ಬರು ಫೀಮಾದವರು. ಕೈಯಲ್ಲಿ ಅಳತೆ ಟೇಪು. ಗೋಡೆಯ ಮೇಲೆ ನೀರು ಬಿಟ್ಟುಹೋದ ಕಂದು ಗೆರೆ ಇರುತ್ತದೆ. ನೆಲದಿಂದ ಆ ಗೆರೆಯವರೆಗೆ ಅಳೆಯುತ್ತೇವೆ. 18 ಇಂಚು ದಾಟಿದರೆ, ಇಲ್ಲವೇ ಗೋಡೆಯ ಪ್ಲಗ್ ಪಾಯಿಂಟ್ ಮುಟ್ಟಿದ್ದರೆ ಸಾಮಾನ್ಯವಾಗಿ ಅದು "ಭಾರೀ ಹಾನಿ". ಅದಕ್ಕಿಂತ ಕೆಳಗಿದ್ದರೆ "ಅಲ್ಪ ಹಾನಿ". ಒಂದು ಮನೆಯ ಅಜ್ಜಿ ಬೆಳಗ್ಗೆಯೇ ಎದ್ದು ಬ್ಲೀಚ್ ಹಾಕಿ ಗೋಡೆ ಉಜ್ಜಿ ಬೆಳ್ಳಗೆ ಮಾಡಿಬಿಟ್ಟಿದ್ದರು. ಬರುವವರ ಎದುರು ಮನೆ ಗಲೀಜಾಗಿ ಕಾಣಬಾರದು ಅಂತ. ಗೆರೆಯೇ ಇಲ್ಲ. ಕೊನೆಗೆ ಬೀರುವಿನ ಹಿಂದೆ, ಅವರ ಕೈಗೆ ಎಟುಕದ ಮೂಲೆಯಲ್ಲಿ ಗೆರೆ ಸಿಕ್ಕಿತು. 21 ಇಂಚು. ಅದನ್ನು ಬರೆದುಕೊಂಡೆವು. ಅಂಥ ಗೆರೆಗಳೆಲ್ಲ ಸೇರಿ ಗವರ್ನರ್ ಅವರ ಪತ್ರವಾಗುತ್ತದೆ, ಆ ಪತ್ರ ಘೋಷಣೆಯಾಗುತ್ತದೆ. ಇದಕ್ಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಹಿಡಿಯುತ್ತದೆ. ದೊಡ್ಡ ಹರಿಕೇನ್ (ಚಂಡಮಾರುತ) ಬರುವುದು ಮೊದಲೇ ಗೊತ್ತಿದ್ದರೆ ಮಾತ್ರ ಅದು ದಡ ಮುಟ್ಟುವ ಮುಂಚೆಯೇ ತುರ್ತು ಘೋಷಣೆ ಆಗಬಹುದು.

ಇಷ್ಟೆಲ್ಲ ಸುತ್ತು ಯಾಕೆ, ನೇರವಾಗಿ ವಾಷಿಂಗ್ಟನ್‌ನಿಂದಲೇ ನಡೆಸಬಾರದಾ ಅಂತ ನೀವು ಕೇಳಬಹುದು. ಇದಕ್ಕೆ ಉತ್ತರ ನಿಮ್ಮ ಮಗಳ ಊರಿನಲ್ಲೇ ಇದೆ.

2017ರ ಆಗಸ್ಟ್ 25ರಂದು ಹಾರ್ವಿ ಹರಿಕೇನ್ ಟೆಕ್ಸಾಸ್ ದಡ ಮುಟ್ಟಿತು. ಅದೇ ದಿನ ಗವರ್ನರ್ ಗ್ರೆಗ್ ಅಬಟ್ ಅವರು ಕಾರ್ಪಸ್ ಕ್ರಿಸ್ಟಿಯಿಂದ ಹ್ಯೂಸ್ಟನ್‌ವರೆಗಿನ ಜನ, ಸ್ಥಳೀಯ ಆದೇಶ ಇಲ್ಲದಿದ್ದರೂ ಊರು ಬಿಡುವ ಯೋಚನೆ ಮಾಡಬೇಕು ಅಂದರು. ಹ್ಯೂಸ್ಟನ್ ಮೇಯರ್ ಸಿಲ್ವೆಸ್ಟರ್ ಟರ್ನರ್ ಮತ್ತು ಹ್ಯಾರಿಸ್ ಕೌಂಟಿಯ ಜಡ್ಜ್ ಎಡ್ ಎಮ್ಮೆಟ್ ಇಬ್ಬರೂ ಬೇಡ, ಮನೆಯಲ್ಲೇ ಇರಿ ಅಂದರು. ಟೆಕ್ಸಾಸ್‌ನಲ್ಲಿ ಕೌಂಟಿ ಜಡ್ಜ್ ಅಂದರೆ ಹೆಸರಿಗೆ ಜಡ್ಜ್, ಕೆಲಸಕ್ಕೆ ಕೌಂಟಿಯ ಚುನಾಯಿತ ಮುಖ್ಯಸ್ಥರು. ತುರ್ತು ಪರಿಸ್ಥಿತಿಯ ಹೊಣೆ ಕಾನೂನಿನ ಪ್ರಕಾರ ಅವರದೇ. ಕಡ್ಡಾಯ ತೆರವಿನ ಆದೇಶಕ್ಕೆ ಅವರು ಅಥವಾ ಮೇಯರ್ ಸಹಿ ಹಾಕಬೇಕು.

ಅವರು ಬೇಡ ಅಂದದ್ದು ಹಟಕ್ಕಲ್ಲ. 2005ರ ಸೆಪ್ಟೆಂಬರ್‌ನಲ್ಲಿ ರೀಟಾ ಹರಿಕೇನ್ ಬರುವಾಗ ಆ ಸೀಮೆಯಿಂದ 25 ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ರಸ್ತೆಗೆ ಇಳಿದಿದ್ದರು. ಗಾಡಿಗಳು ಗಂಟೆಗಟ್ಟಲೆ ಇದ್ದಲ್ಲೇ ನಿಂತವು. ಪೆಟ್ರೋಲ್ ಮುಗಿಯಿತು, ಸೆಖೆಯಲ್ಲಿ ಜನ ಬಿದ್ದರು. ವೃದ್ಧಾಶ್ರಮದಿಂದ ಹೊರಟ ಒಂದು ಬಸ್ಸಿಗೆ ಬೆಂಕಿ ಹತ್ತಿ 20ಕ್ಕೂ ಹೆಚ್ಚು ವೃದ್ಧರು ಸುಟ್ಟುಹೋದರು. ಟೆಕ್ಸಾಸ್‌ನಲ್ಲಿ ರೀಟಾದಿಂದ ಸತ್ತವರಲ್ಲಿ ಬಹುಪಾಲು ಜನ, ನೂರರ ಆಸುಪಾಸು, ಸತ್ತದ್ದು ಓಡಿಹೋಗುವ ದಾರಿಯಲ್ಲಿ. ಆ ರಸ್ತೆಗಳನ್ನು ಕಣ್ಣಾರೆ ಕಂಡವರಿಗೆ ಅದು ನೆನಪಿತ್ತು. ಹಾರ್ವಿಯ ಮಳೆಗೆ ಮೊದಲು ಮುಳುಗುವುದು ರಸ್ತೆಗಳೇ ಅಂತಲೂ ಗೊತ್ತಿತ್ತು. ಆ ನಿರ್ಧಾರದ ಬಗ್ಗೆ ಇವತ್ತಿಗೂ ವಾದ ಇದೆ. ನನ್ನ ಮಟ್ಟಿಗೆ ಅವರು ಮಾಡಿದ್ದು ಸರಿ. ಲಕ್ಷಾಂತರ ಕಾರುಗಳು ಆ ನೀರಿನಲ್ಲಿ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಅನ್ನೋದು ನೆನೆಸಿಕೊಂಡರೆ ಈಗಲೂ ಮೈ ಜುಂ ಅನ್ನುತ್ತದೆ. ಕೆಲವೇ ದಿನಗಳಲ್ಲಿ ಎಷ್ಟೋ ಕಡೆ 40 ಇಂಚು ಮಳೆ ಸುರಿಯಿತು. ತುರ್ತು ಸಹಾಯದ 911 ನಂಬರಿನ ಕರೆಗಳನ್ನು ಎತ್ತಿ ಪೂರೈಸಲಾಗಲಿಲ್ಲ. ಆಗ ಎಮ್ಮೆಟ್ ಅವರು ದೋಣಿ ಇರುವವರೆಲ್ಲ ಬಂದು ಸಹಾಯ ಮಾಡಿ ಅಂತ ಜನರನ್ನೇ ಕೇಳಿಕೊಂಡರು. ಜನ ಬಂದರು. ಪಕ್ಕದ ಲೂಸಿಯಾನಾದಿಂದಲೂ ಮೀನು ಹಿಡಿಯುವ ದೋಣಿಗಳನ್ನು ಟ್ರೈಲರ್ ಮೇಲೆ ಹೇರಿಕೊಂಡು ಬಂದರು.

ಊರಿನ ರಸ್ತೆ, ಹಳ್ಳ, ಜನ ಗೊತ್ತಿರುವವರ ಕೈಯಲ್ಲಿ ನಿರ್ಧಾರ ಇರಬೇಕು ಅನ್ನೋದಕ್ಕೆ ನಾನು ಯಾವತ್ತೂ ಕೊಡುವ ಉದಾಹರಣೆ ಇದು. ಆದರೆ ಕಥೆ ಇಲ್ಲಿಗೆ ಮುಗಿದರೆ ಸ್ಥಳೀಯರಿಗೆ ತುಂಬಾ ಸಲೀಸಾಗುತ್ತದೆ. ಹಾರ್ವಿಯ ಇನ್ನೊಂದು ಮುಖವನ್ನೂ ನೀವು ಕೇಳಬೇಕು. ಅದು ನೇರವಾಗಿ ಕೇಟಿ ಕಡೆಯದು.

1929 ಮತ್ತು 1935ರಲ್ಲಿ ಹ್ಯೂಸ್ಟನ್ ಪೇಟೆ ಮುಳುಗಿದ ಮೇಲೆ ಫೆಡರಲ್ ಸರ್ಕಾರದ ಆರ್ಮಿ ಕೋರ್ ಆಫ್ ಎಂಜಿನಿಯರ್ಸ್ (ಸೇನೆಯ ಎಂಜಿನಿಯರ್ ವಿಭಾಗ) 1940ರ ದಶಕದಲ್ಲಿ ಊರಿನ ಪಶ್ಚಿಮಕ್ಕೆ ಎರಡು ಒಡ್ಡುಗಳನ್ನು ಕಟ್ಟಿತು. ಹೆಸರು ಆಡಿಕ್ಸ್ ಮತ್ತು ಬಾರ್ಕರ್. ಉಳಿದ ದಿನ ಅವು ಖಾಲಿ ಬಯಲು. ಪಾರ್ಕು, ಆಟದ ಮೈದಾನ. ಜೋರು ಮಳೆ ಬಂದಾಗ ನೀರು ತಡೆದು ಹಿಡಿಯುತ್ತವೆ. ಕಟ್ಟುವಾಗ ಸುತ್ತ ಹುಲ್ಲುಗಾವಲು, ಗದ್ದೆ. ಆಮೇಲೆ ಊರು ಬೆಳೆಯಿತು. ನೀರು ಪೂರ್ತಿ ತುಂಬಿದರೆ ಹರಡಿಕೊಳ್ಳುವ ಜಾಗದಲ್ಲಿ ಸರ್ಕಾರ ಕೊಂಡದ್ದು ಒಂದು ಭಾಗ ಮಾತ್ರ. ಉಳಿದ ಖಾಸಗಿ ಜಮೀನಿನಲ್ಲಿ ಬಡಾವಣೆಗಳು ಎದ್ದವು. ಅದಕ್ಕೆ ಒಪ್ಪಿಗೆ ಕೊಟ್ಟದ್ದು ಸ್ಥಳೀಯ ಆಡಳಿತ. ಬಾರ್ಕರ್ ಪಕ್ಕದ ಫೋರ್ಟ್ ಬೆಂಡ್ ಕೌಂಟಿಯಲ್ಲಿ ಕೆಲವು ಬಡಾವಣೆಗಳ ನಕ್ಷೆಯ ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ ಇದೆ: ಈ ಜಾಗ ಆರ್ಮಿ ಕೋರ್ ನಿರ್ವಹಣೆಯಲ್ಲಿ ದೀರ್ಘಕಾಲದ ಮುಳುಗಡೆಗೆ ಒಳಪಡಬಹುದು, ಅಂತ. ಮನೆ ಕೊಳ್ಳುವಾಗ ಆ ನಕ್ಷೆಯನ್ನು ಬಿಚ್ಚಿ ಓದುವವರು ಎಷ್ಟು ಜನ, ಹೇಳಿ? ಹಾರ್ವಿಯಲ್ಲಿ ಜಲಾಶಯ ತುಂಬಿ ಹಿಂದಕ್ಕೆ ಉಕ್ಕಿತು. ಸಾವಿರಾರು ಮನೆಗಳಿಗೆ ನೀರು ನುಗ್ಗಿತು. ಒಡ್ಡು ಉಳಿಸಲು ಆಗಸ್ಟ್ 28ರಿಂದ ನೀರು ಹೊರಬಿಟ್ಟರು, ಕೆಳಗಿನ ಮನೆಗಳೂ ಮುಳುಗಿದವು. ಹಿಂದಿನ ಭಾಗದ ಮನೆಯವರು ಕೋರ್ಟಿಗೆ ಹೋದರು. 2019ರ ಡಿಸೆಂಬರ್‌ನಲ್ಲಿ ಫೆಡರಲ್ ಸರ್ಕಾರವೇ ಹೊಣೆ ಅಂತ ತೀರ್ಪು ಬಂತು.

ಇಲ್ಲಿ ಯಾರ ತಪ್ಪು? ಒಡ್ಡು ಫೆಡರಲ್, ಬಡಾವಣೆ ಲೋಕಲ್, ನಡುವೆ ಬಿಲ್ಡರ್. ಪ್ರತಿಯೊಬ್ಬರ ಕಡತದಲ್ಲೂ ನಕ್ಷೆ ಇತ್ತು. ಮನೆಯವರ ಕೈಗೆ ಮಾತ್ರ ವಿಷಯ ಸಿಗಲಿಲ್ಲ. ಇಷ್ಟು ವರ್ಷಗಳ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಟ್ಟದ್ದು ಇದೇ. ಫೆಡರಲ್ ಜಾಸ್ತಿಯೋ ಲೋಕಲ್ ಜಾಸ್ತಿಯೋ ಅಂತ ಜನ ಸುಮ್ನೆ ಜಗಳ ಆಡುತ್ತಾರೆ. ಜೀವ ಹೋಗುವುದು ಹೆಚ್ಚಾಗಿ ಇವರಿಬ್ಬರ ಮಧ್ಯದ ಸಂದಿಯಲ್ಲಿ.

ನಿಮ್ಮ ನಿದ್ದೆ ಕೆಡಿಸಿದ ಆ ರಾತ್ರಿಯನ್ನೇ ನೋಡಿ. 2025ರ ಜುಲೈ 4, ಕರ್ ಕೌಂಟಿ, ಗ್ವಾಡಲೂಪ್ ನದಿ. ಹವಾಮಾನ ಸೇವೆ ಫೆಡರಲ್ ಸರ್ಕಾರದ್ದು. ಅದು ರಾತ್ರಿ 1.14ಕ್ಕೇ ದಿಢೀರ್ ಪ್ರವಾಹದ ಎಚ್ಚರಿಕೆ ಹೊರಡಿಸಿತ್ತು. 4.03ಕ್ಕೆ ಅದಕ್ಕಿಂತ ಗಂಭೀರವಾದ, ಎಲ್ಲಕ್ಕಿಂತ ಮೇಲಿನ ಹಂತದ ಎಚ್ಚರಿಕೆ. ಬೆಳಗಿನ ಜಾವ 4.22ರ ಹೊತ್ತಿಗೆ ಒಬ್ಬ ಅಗ್ನಿಶಾಮಕ ಸಿಬ್ಬಂದಿ ರೇಡಿಯೋದಲ್ಲಿ ಕೇಳುತ್ತಾರೆ: ಇಲ್ಲಿನ ಜನರ ಫೋನಿಗೆ ಕೋಡ್‌ರೆಡ್ ಅನ್ನೋ ತುರ್ತು ಎಚ್ಚರಿಕೆ ಸಂದೇಶ ಕಳಿಸಬಹುದಾ, ಅಂತ. ಮೇಲಧಿಕಾರಿಯ ಒಪ್ಪಿಗೆ ಬೇಕು ಅಂತ ಉತ್ತರ ಬರುತ್ತದೆ. ಸುಮಾರು 45 ನಿಮಿಷದಲ್ಲಿ ನದಿ 26 ಅಡಿ ಏರಿತು. ನದಿ ದಡದ ಕ್ಯಾಂಪ್ ಮಿಸ್ಟಿಕ್ ಶಿಬಿರದಲ್ಲಿ ಮಲಗಿದ್ದ ಮಕ್ಕಳು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಹುಡುಗಿಯರು ಸೇರಿ 27 ಜನ ಹೋದರು. ಆ ಸೀಮೆಯಲ್ಲಿ ಒಟ್ಟು ಸತ್ತವರು 130 ದಾಟಿದರು.

ಎಚ್ಚರಿಕೆ ಇತ್ತು. ಅದು ಮಲಗಿದವರ ಕಿವಿಗೆ ಮುಟ್ಟಲಿಲ್ಲ. ಕೊನೆಯ ಆ ಒಂದು ಮೈಲಿ ಕೌಂಟಿಯದು. ಸೈರನ್ ಕೂಗಿಸಬೇಕಾದವರು, ಬಾಗಿಲು ತಟ್ಟಬೇಕಾದವರು ಅಲ್ಲಿಯವರೇ. ನದಿ ದಡದಲ್ಲಿ ಸೈರನ್ ಇರಲೇ ಇಲ್ಲ. ಯಾಕೆ ಇರಲಿಲ್ಲ ಅಂತ ಕೆದಕಿದರೆ ಮತ್ತೆ ಅದೇ ಸಂದಿ. ಕೌಂಟಿ ಹಲವು ವರ್ಷ ಹಿಂದೆಯೇ ಎಚ್ಚರಿಕೆ ವ್ಯವಸ್ಥೆಗೆ ಸುಮಾರು 10 ಲಕ್ಷ ಡಾಲರ್ ಬೇಕು ಅಂತ ರಾಜ್ಯದ ಮೂಲಕ ಫೆಡರಲ್ ಹಣಕ್ಕೆ ಅರ್ಜಿ ಹಾಕಿತ್ತು. ಸಿಗಲಿಲ್ಲ. ತನ್ನ ದುಡ್ಡಿನಲ್ಲಿ ಮಾಡಲು ಮನಸ್ಸು ಮಾಡಲಿಲ್ಲ. ತೆರಿಗೆ ಏರಿಸಿದರೆ ಜನ ಒಪ್ಪುವುದಿಲ್ಲ ಅನ್ನೋ ಭಯ. ಮಕ್ಕಳು ಹೋದ ಮೇಲೆ ರಾಜ್ಯ ಅಂಥ ಕಡೆ ಸೈರನ್ ಇರಲೇಬೇಕು ಅಂತ ಕಾನೂನು ತಂದಿತು.

ಇನ್ನು ಸೇನೆಯ ವಿಷಯ. ಅಲ್ಲಿ ಎರಡು ಥರದ ಪಡೆ ಇದೆ. ನ್ಯಾಷನಲ್ ಗಾರ್ಡ್ ಅನ್ನೋ ಮೀಸಲು ಪಡೆ ಸಾಮಾನ್ಯವಾಗಿ ಗವರ್ನರ್ ಕೈಕೆಳಗೆ. ಕರೆದರೆ ಬೇಗ ಬರುತ್ತದೆ, ಅಗತ್ಯ ಬಿದ್ದರೆ ಪೊಲೀಸ್ ಕೆಲಸವನ್ನೂ ಮಾಡಬಹುದು. ಫೆಡರಲ್ ಸೇನೆಯನ್ನು ದೇಶದೊಳಗೆ ಪೊಲೀಸ್ ಕೆಲಸಕ್ಕೆ ಬಳಸಬಾರದು ಅಂತ 1878ರಿಂದಲೇ ಕಾನೂನಿದೆ. ಜನರನ್ನು ಎತ್ತಿ ಸಾಗಿಸಬಹುದು, ಊಟ ಹಂಚಬಹುದು. 2005ರ ಆಗಸ್ಟ್ 29ರಂದು ಕಟ್ರೀನಾ ಹರಿಕೇನ್ ಬಂದಾಗ ಇದೇ ದೊಡ್ಡ ರಗಳೆಯಾಯಿತು. ಲೂಸಿಯಾನಾದ ಗಾರ್ಡ್ ಪಡೆಯನ್ನು ತಮ್ಮ ಅಧೀನಕ್ಕೆ ಕೊಡಿ ಅಂತ ಅಧ್ಯಕ್ಷ ಬುಷ್ ಕಡೆಯವರು ಕೇಳಿದರು. ಗವರ್ನರ್ ಕ್ಯಾತ್ಲೀನ್ ಬ್ಲಾಂಕೊ ಒಪ್ಪಲಿಲ್ಲ. ಅತ್ತ ಜನ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಸೆಖೆ, ವಾಸನೆ, ಹಸಿವಿನಲ್ಲಿ ದಿನ ಎಣಿಸುತ್ತಿದ್ದರು.

ಕಟ್ರೀನಾದಲ್ಲಿ ಎಲ್ಲ ಮಟ್ಟದವರೂ ಎಡವಿದರು. ನ್ಯೂ ಆರ್ಲಿಯನ್ಸ್ ಮೇಯರ್ ಕಡ್ಡಾಯ ತೆರವಿನ ಆದೇಶ ಕೊಟ್ಟದ್ದು ಹಿಂದಿನ ದಿನ, ಆಗಸ್ಟ್ 28ರಂದು. ಕಾರಿಲ್ಲದವರನ್ನು ಕರೆದೊಯ್ಯಬಹುದಾಗಿದ್ದ ಶಾಲಾ ಬಸ್ಸುಗಳು ಸಾಲಾಗಿ ನೀರಿನಲ್ಲಿ ಮುಳುಗಿ ನಿಂತ ಫೋಟೋ ನೀವೂ ನೋಡಿರಬಹುದು. ಇತ್ತ ಒಡೆದ ಒಡ್ಡುಗಳು ಫೆಡರಲ್ ಆರ್ಮಿ ಕೋರ್‌ನ ಕೆಲಸ. ಊರಿನ ಶೇಕಡಾ 80 ಪಾಲು ಮುಳುಗಿತು. ಫೀಮಾ 1979ರಲ್ಲಿ ಹುಟ್ಟಿದ ಸ್ವತಂತ್ರ ಸಂಸ್ಥೆ. 2003ರಲ್ಲಿ ಅದನ್ನು ಭಯೋತ್ಪಾದನೆ ತಡೆಯಲು ಹುಟ್ಟಿದ ದೊಡ್ಡ ಇಲಾಖೆಯೊಳಗೆ ಸೇರಿಸಿದ್ದರು. ಅದರ ಮುಖ್ಯಸ್ಥ ಮೈಕಲ್ ಬ್ರೌನ್ ಅವರಿಗೆ ಈ ಕ್ಷೇತ್ರದ ಹಿನ್ನೆಲೆ ಇರಲಿಲ್ಲ. ಸೆಪ್ಟೆಂಬರ್ 12ರಂದು ರಾಜೀನಾಮೆ ಕೊಟ್ಟರು. ಈ ಗೊಂದಲದ ನಡುವೆ ಚೆನ್ನಾಗಿ ಕೆಲಸ ಮಾಡಿದ್ದೂ ಒಂದು ಫೆಡರಲ್ ಪಡೆಯೇ. ಕೋಸ್ಟ್ ಗಾರ್ಡ್ 33,000ಕ್ಕೂ ಹೆಚ್ಚು ಜನರನ್ನು ಕಾಪಾಡಿತು. ಸ್ಥಳದಲ್ಲಿರುವ ಅಧಿಕಾರಿಯೇ ನಿರ್ಧಾರ ತಗೊಳ್ಳೋದು ಅವರ ಪದ್ಧತಿ. ಮೇಲಿನ ಸಹಿಗೆ ಕಾಯುತ್ತ ಕೂರಲಿಲ್ಲ.

2006ರಲ್ಲಿ ಕಾನೂನು ತಿದ್ದಿದರು. ಜೀವ ಉಳಿಸುವ ತುರ್ತು ಇದ್ದಾಗ ರಾಜ್ಯದ ಕೇಳಿಕೆ ಬರುವ ಮೊದಲೇ ಫೀಮಾ ಸಾಮಾನು, ಜನರನ್ನು ಹೊರಡಿಸಬಹುದು ಅಂತ ಆಯಿತು. ಮುಖ್ಯಸ್ಥರಿಗೆ ತುರ್ತು ನಿರ್ವಹಣೆಯ ಅನುಭವ ಇರಬೇಕು ಅಂತಲೂ ಬರೆದರು. ಇದಕ್ಕೂ ಮುಂಚೆ, 1992ರಲ್ಲಿ ಫ್ಲೋರಿಡಾದಲ್ಲಿ ಆಂಡ್ರ್ಯೂ ಹರಿಕೇನ್ ಬಂದಾಗಲೂ ಹೀಗೇ ಆಗಿತ್ತು. ಡೇಡ್ ಕೌಂಟಿಯ ತುರ್ತು ನಿರ್ವಹಣಾ ಮುಖ್ಯಸ್ಥೆ ಕೇಟ್ ಹೇಲ್ ಅವರು ಟಿವಿ ಕ್ಯಾಮೆರಾಗಳ ಎದುರೇ, ಸಹಾಯಕ್ಕೆ ಬರಬೇಕಾದ ಪಡೆ ಎಲ್ಲಿ ಹೋಯಿತು ಅಂತ ಸಿಟ್ಟಿನಿಂದ ಕೇಳಿಬಿಟ್ಟರು. ಮರುವರ್ಷ ಫೀಮಾಕ್ಕೆ ಜೇಮ್ಸ್ ಲೀ ವಿಟ್ ಬಂದರು. ಅರ್ಕನ್ಸಾ ರಾಜ್ಯದಲ್ಲಿ ಇದೇ ಕೆಲಸ ಮಾಡಿದ್ದವರು. ಸಂಸ್ಥೆಯ ಹೆಸರು ಮತ್ತೆ ಮೇಲೆದ್ದಿತು. ಕೆಳಗೆ ದುಡಿದವರು ಮೇಲೆ ಕೂತಾಗ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನೋದು ನಮ್ಮ ಕಚೇರಿಯ ಹಳಬರು ಈಗಲೂ ಹೇಳುವ ಮಾತು.

ರಾಜ್ಯವನ್ನು ಮರೆಯಬೇಡಿ. ಹಣ ಹೆಚ್ಚಾಗಿ ಅದರ ಕೈ ದಾಟಿಯೇ ಕೆಳಗೆ ಬರಬೇಕು. ಹಾರ್ವಿಯಾದ ಮೇಲೆ ಮುಂದಿನ ನೆರೆ ತಡೆಯಲೆಂದು ಫೆಡರಲ್ ಸರ್ಕಾರ ಟೆಕ್ಸಾಸ್‌ಗೆ ನಾನೂರು ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟಿತು. 2021ರಲ್ಲಿ ರಾಜ್ಯದ ಇಲಾಖೆ ಅದರಲ್ಲಿ ಮೊದಲ ನೂರು ಕೋಟಿ ಹಂಚಿದಾಗ ಹ್ಯೂಸ್ಟನ್ ನಗರಕ್ಕೂ ಹ್ಯಾರಿಸ್ ಕೌಂಟಿಗೂ ಒಂದು ಡಾಲರ್ ಕೂಡ ಬರಲಿಲ್ಲ! ಹೆಚ್ಚು ಮುಳುಗಿದ್ದ ಊರಿಗೇ ಸೊನ್ನೆ. ಮರುವರ್ಷ ಫೆಡರಲ್ ವಸತಿ ಇಲಾಖೆ ಈ ಹಂಚಿಕೆಯಲ್ಲಿ ತಾರತಮ್ಯ ಇದೆ ಅಂತ ಹೇಳಿತು. 2024ರ ಜುಲೈನಲ್ಲಿ ಬೆರಿಲ್ ಹರಿಕೇನ್ ಬಂದು ಹ್ಯೂಸ್ಟನ್ ಸುತ್ತ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳ ಕರೆಂಟು ಹೋದಾಗ ಇನ್ನೊಂದು ಥರ. ಗವರ್ನರ್ ವಿದೇಶ ಪ್ರವಾಸದಲ್ಲಿದ್ದರು. ಅವರ ಜಾಗದಲ್ಲಿದ್ದ ಡ್ಯಾನ್ ಪ್ಯಾಟ್ರಿಕ್ ಅವರನ್ನು ಸಂಪರ್ಕಿಸಲು ಕಷ್ಟವಾಯಿತು ಅಂದರು ಅಧ್ಯಕ್ಷ ಬೈಡನ್. ಹಾಗೇನಿಲ್ಲ ಅಂದರು ಪ್ಯಾಟ್ರಿಕ್. ಆ ಸೆಖೆಯಲ್ಲಿ ಫ್ಯಾನ್ ಇಲ್ಲದೆ ಕೂತವರಿಗೆ ಯಾರ ಮಾತು ನಿಜವಾದರೇನು?

ಈಗ ನೀವು ಕೇಳಿದ ಮುಚ್ಚುವ ಮಾತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಫೀಮಾವನ್ನು ಬದಲಿಸುವ ಇಲ್ಲವೇ ಮುಚ್ಚುವ ಮಾತಾಡಿದರು, ಪರಿಶೀಲನೆಗೆ ಒಂದು ಮಂಡಳಿ ಮಾಡಿದರು. ಜೂನ್‌ನಲ್ಲಿ, ಹರಿಕೇನ್ ಕಾಲ ಮುಗಿದ ಮೇಲೆ ರಾಜ್ಯಗಳೇ ಇದನ್ನು ನೋಡಿಕೊಳ್ಳುವಂತೆ ಮಾಡುತ್ತೇವೆ ಅಂದರು. ಆದರೆ ಫೀಮಾದ ಕೆಲಸಗಳು ಕಾನೂನಿನಲ್ಲಿ ಬರೆದಿರುವಂಥವು. ಪೂರ್ತಿ ಮುಚ್ಚಬೇಕಾದರೆ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಒಪ್ಪಬೇಕು. ಮುಚ್ಚದೆಯೂ ಸೊರಗಿಸಬಹುದು ಅನ್ನೋದು ನನ್ನ ಆತಂಕ. 1 ಲಕ್ಷ ಡಾಲರ್ ಮೀರಿದ ಪ್ರತಿ ಖರ್ಚಿಗೂ ಫೀಮಾ ಸೇರಿರುವ ಆ ದೊಡ್ಡ ಇಲಾಖೆಯ ಕಾರ್ಯದರ್ಶಿಯೇ (ನಮ್ಮ ಮಂತ್ರಿಯಂಥವರು) ಒಪ್ಪಿಗೆ ಕೊಡಬೇಕು ಅನ್ನೋ ನಿಯಮ 2025ರಲ್ಲಿ ಬಂತು. ಈ ಕೆಲಸದಲ್ಲಿ ಅಷ್ಟು ದುಡ್ಡು ಒಂದು ಮಧ್ಯಾಹ್ನಕ್ಕೆ ಸಾಲದು.

ರಾಜ್ಯಗಳೇ ನೋಡಿಕೊಳ್ಳಲಿ ಅನ್ನೋದು ಕೇಳೋಕೆ ಚೆಂದ. ಟೆಕ್ಸಾಸ್, ಫ್ಲೋರಿಡಾ ಹೇಗೋ ನಿಭಾಯಿಸಬಹುದು. ಅವಕ್ಕೆ ಜನ, ಗಾಡಿ, ಅನುಭವ ಇದೆ. ವರ್ಮಾಂಟ್ ರಾಜ್ಯದ ಜನಸಂಖ್ಯೆ ಆರೂವರೆ ಲಕ್ಷದಷ್ಟು. 2023ರ ಜುಲೈನಲ್ಲಿ ನೆರೆ, ಸರಿಯಾಗಿ ಒಂದು ವರ್ಷಕ್ಕೆ 2024ರ ಜುಲೈನಲ್ಲಿ ಮತ್ತೆ ನೆರೆ. ಅಂಥವರು ಎಲ್ಲಿಂದ ತರಬೇಕು? ಹಳ್ಳಿ ಕಡೆಯ ಎಷ್ಟೋ ಕೌಂಟಿಗಳಲ್ಲಿ ತುರ್ತು ನಿರ್ವಹಣೆ ಅಂದರೆ ಒಬ್ಬರೇ ಒಬ್ಬರು, ಅವರಿಗೂ ಬೇರೊಂದು ಹುದ್ದೆಯ ಕೆಲಸ ಅಂಟಿಕೊಂಡಿರುತ್ತದೆ. ಯಾವ ರಸ್ತೆ ಮುಚ್ಚಬೇಕು, ಯಾರನ್ನು ಮೊದಲು ಎತ್ತಬೇಕು ಅನ್ನೋ ನಿರ್ಧಾರ ಊರಿನವರದೇ ಆಗಿರಲಿ. ಖರ್ಚಿನ ಹೊರೆ ಮಾತ್ರ ಇಡೀ ದೇಶದ ಹೆಗಲ ಮೇಲಿರಬೇಕು. ಫೆಡರಲ್ ಬೆಂಬಲ ತೆಗೆದ ಮಾತ್ರಕ್ಕೆ ಸ್ಥಳೀಯರ ಕೈ ಬಲವಾಗೋದಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ಫೀಮಾ ಮನೆಯವರಿಗೆ ನೇರವಾಗಿ ಕೊಡುವ ಹಣ ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮತ್ತು ಅಂಥ ಇನ್ನು ಕೆಲವರಿಗೆ ಮಾತ್ರ. ಎಚ್-1ಬಿ ಇದ್ದರೆ ತಮ್ಮ ಹೆಸರಿನಲ್ಲಿ ಸಿಗೋದಿಲ್ಲ. ಆದರೆ ನಿಮ್ಮ ಮೊಮ್ಮಗಳು ಅಲ್ಲೇ ಹುಟ್ಟಿದವಳು ಅಲ್ವಾ? ಅವಳು ಪೌರಳು. ಅವಳ ಪರವಾಗಿ ತಂದೆತಾಯಿ ಅರ್ಜಿ ಹಾಕಬಹುದು. ಅವಳ ಸೋಶಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್‌ನಂಥದ್ದು) ಬೇಕಾಗುತ್ತದೆ. ಶೆಲ್ಟರ್, ಊಟ, ನೀರು, ದೋಣಿಯಲ್ಲಿ ಎತ್ತಿಕೊಂಡು ಹೋಗೋದು, ಇವಕ್ಕೆಲ್ಲ ಯಾರೂ ವೀಸಾ ಲೆಕ್ಕ ಹಾಕೋದಿಲ್ಲ.

ಆ ಹಣವನ್ನೇ ನಂಬಿ ಕೂರುವಂತೆಯೂ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಮನೆಯ ಬಾಬ್ತಿಗೆ ಗರಿಷ್ಠ ಮಿತಿ 43,600 ಡಾಲರ್ ಇತ್ತು. ಬಹಳ ಜನರ ಕೈಗೆ ಬರೋದು ಅದಕ್ಕಿಂತ ಎಷ್ಟೋ ಕಡಿಮೆ. ಮಾಮೂಲಿ ಮನೆ ಇನ್ಶೂರೆನ್ಸ್‌ನಲ್ಲಿ ನೆರೆ ಸೇರಿರೋದಿಲ್ಲ. ಹಾರ್ವಿಯಲ್ಲಿ ಮುಳುಗಿದ ಹೆಚ್ಚಿನ ಮನೆಗಳಿಗೆ ನೆರೆ ವಿಮೆಯೇ ಇರಲಿಲ್ಲ. ಫೆಡರಲ್ ಸರ್ಕಾರದ್ದೇ ಒಂದು ನೆರೆ ವಿಮೆ ಇದೆ, ಕೇಟಿಯಂಥ ಕಡೆ ಸಿಗುತ್ತದೆ, ವೀಸಾ ಅಡ್ಡಿ ಬರೋದಿಲ್ಲ. ಕಟ್ಟಡಕ್ಕೆ 2,50,000 ಡಾಲರ್‌ವರೆಗೆ, ಸಾಮಾನಿಗೆ 1,00,000 ಡಾಲರ್‌ವರೆಗೆ. ಸಾಮಾನಿನದು ಬೇರೆಯಾಗಿ ಕೇಳಿ ತಗೋಬೇಕು, ಎಷ್ಟೋ ಜನ ಇದನ್ನು ಮರೆಯುತ್ತಾರೆ. ಮನೆ ಸಾಲದ ಜೊತೆ ತಗೊಳ್ಳದೇ ಇದ್ದರೆ ಸಾಮಾನ್ಯವಾಗಿ ದುಡ್ಡು ಕಟ್ಟಿ 30 ದಿನ ಆದ ಮೇಲೆ ವಿಮೆ ಜಾರಿಗೆ ಬರುತ್ತದೆ. ಟಿವಿಯಲ್ಲಿ ಹರಿಕೇನ್ ಸುತ್ತೋದು ಕಂಡ ಮೇಲೆ ಫೋನ್ ಮಾಡಿದರೆ ಪ್ರಯೋಜನ ಇಲ್ಲ. ಹರಿಕೇನ್ ಕಾಲ ಜೂನ್ 1ಕ್ಕೆ ಶುರು. ಅದಕ್ಕೂ ಒಂದು ತಿಂಗಳ ಮುಂಚೆ ಕಾಗದ ಕೈಯಲ್ಲಿರಬೇಕು.

ಕೇಟಿ ಮೂರು ಕೌಂಟಿಗಳಲ್ಲಿ ಹರಡಿಕೊಂಡಿದೆ: ಹ್ಯಾರಿಸ್, ಫೋರ್ಟ್ ಬೆಂಡ್, ವಾಲರ್. ಅವರ ಮನೆ ಯಾವುದರಲ್ಲಿದೆ ಅಂತ ಮೊದಲು ಗೊತ್ತಿರಲಿ, ಆ ಕೌಂಟಿಯ ಎಚ್ಚರಿಕೆ ಸಂದೇಶಕ್ಕೆ ಇಬ್ಬರ ಫೋನ್ ನಂಬರನ್ನೂ ಸೇರಿಸಲಿ. ರಾತ್ರಿ ಫೋನ್ ಸೈಲೆಂಟ್ ಮಾಡುವ ಅಭ್ಯಾಸ ಇದ್ದರೆ ಮನೆಯಲ್ಲಿ ಒಂದು ಹವಾಮಾನ ರೇಡಿಯೋ ಇಟ್ಟುಕೊಳ್ಳಲಿ. ಎಚ್ಚರಿಕೆ ಬಂದಾಗ ಅದು ತಾನಾಗಿ ಕೂಗುತ್ತದೆ. ಮನೆ ಕೊಂಡಾಗ ಕೊಟ್ಟ ಕಾಗದಗಳಲ್ಲಿ ಬಡಾವಣೆಯ ನಕ್ಷೆ ಇದ್ದರೆ ಬಿಚ್ಚಿ, ಮೂಲೆಯ ಸಣ್ಣ ಅಕ್ಷರವನ್ನೆಲ್ಲ ಓದಲಿ. ಇಲ್ಲದಿದ್ದರೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಸಿಗುತ್ತದೆ. ಬಾರ್ಕರ್ ಅಥವಾ ಆಡಿಕ್ಸ್ ಅನ್ನೋ ಹೆಸರು ಅದರಲ್ಲಿ ಕಂಡರೆ ವಿಮೆ ಮಾಡಿಸಲು ನಾಳೆ ಅನ್ನಬಾರದು. ಆಮೇಲೆ ಒಂದು ಸಂಜೆ ಮನೆಯ ಪ್ರತಿ ಕೋಣೆಯ ವಿಡಿಯೋ ಮಾಡಿ ನಿಮಗೆ ಕಳಿಸಲಿ. ಸಾಮಾನು ಏನೇನಿತ್ತು ಅನ್ನೋದಕ್ಕೆ ಅದೇ ಸಾಕ್ಷಿ. ಮೊಮ್ಮಗಳ ಜನನ ಪ್ರಮಾಣಪತ್ರ, ಸೋಶಿಯಲ್ ಸೆಕ್ಯುರಿಟಿ ಕಾರ್ಡು, ಎಲ್ಲರ ಪಾಸ್‌ಪೋರ್ಟು ನೀರು ಹೋಗದ ಒಂದು ಚೀಲದಲ್ಲಿ, ಮೇಲಿನ ಶೆಲ್ಫಿನಲ್ಲಿ, ಕೈಗೆ ಸಿಗುವ ಹಾಗೆ ಇಡಲಿ.